ಜ್ವರ ಬಿಟ್ಟರೂ ಕೆಮ್ಮು ಬಿಡದೇಕೆ?

ಬದಿಯಡ್ಕ ಕಡೆಯ ಅಡಿಕೆ ಕೃಷಿಕರೊಬ್ಬರ ಪತ್ರದ ಸಾರ: "ಫ್ಲೂ ಜ್ವರ ನಾಲ್ಕೇ ದಿನಕ್ಕೆ ಬಿಟ್ಟಿತು, ಮೂರನೇ ವಾರಕ್ಕೂ ಕೆಮ್ಮು ಬಿಟ್ಟಿಲ್ಲ. ವೈರಸ್ ಹೋಗಿದೆ, ಒಳಪದರ ಮತ್ತೆ ಬೆಳೆಯಬೇಕು ಅಂತಾರೆ ಡಾಕ್ಟರು. ರೋಗನಿರೋಧಕ ಶಕ್ತಿ ಇರುವುದು ರೋಗಾಣುವನ್ನು ಕೊಲ್ಲಲು. ಹಾಗಾದರೆ ಗಾಯ ಮಾಯಿಸುವುದು ಯಾರು? ಶಕ್ತಿ ಹೆಚ್ಚಿಸುವ ಪುಡಿ ತಿಂದರೆ ಬೇಗ ವಾಸಿಯಾದೀತೇ? ತೋಟಕ್ಕೆ ಎರಡನೇ ಮದ್ದು ಬಿಡುವ ಹೊತ್ತಾಯಿತು, ಹೋಗಬಹುದೇ?"

ಸಂಪಾದಕರ ಉತ್ತರ:

ನಿಮ್ಮ ಡಾಕ್ಟರು ಹೇಳಿದ್ದು ಸರಿ. ಶ್ವಾಸನಾಳದ ಒಳಪದರದ ಮೇಲ್ಸಾಲಿನಲ್ಲಿ ಸೂಕ್ಷ್ಮ ರೋಮಗಳಿರುವ ಕೋಶಗಳಿವೆ. ಒಂದೊಂದರ ಮೇಲೂ ಸುಮಾರು 200 ರೋಮಗಳು ಸೆಕೆಂಡಿಗೆ ಹತ್ತಾರು ಸಲ ಬಡಿಯುತ್ತ ಲೋಳೆಯನ್ನೂ ಧೂಳನ್ನೂ ಗಂಟಲಿನತ್ತ ತಳ್ಳುತ್ತವೆ. ಫ್ಲೂ ವೈರಸ್ ಬೆಳೆಯುವುದು ಈ ಮೇಲ್ಸಾಲಿನಲ್ಲಿ. ಅಲ್ಲಿನ ಕೋಶಗಳು ಸತ್ತು ಕಳಚಿ ಬೀಳುತ್ತವೆ, ಹಲವು ಕಡೆ ಅಡಿಸಾಲಿನ ಬೇಸಲ್ ಕೋಶಗಳಷ್ಟೇ ಉಳಿಯುತ್ತವೆ. ಕೆಮ್ಮು ಬರಿಸುವ ನರಗಳ ತುದಿಗಳು ಆಗ ತಣ್ಣನೆ ಗಾಳಿಗೂ ಕೆರಳುತ್ತವೆ. ರೋಮಗಳಿಲ್ಲದ ಜಾಗದಲ್ಲಿ ಲೋಳೆ ಮೇಲೆ ಬರಲು ಕೆಮ್ಮನ್ನು ಬಿಟ್ಟರೆ ಬೇರೆ ದಾರಿಯೂ ಇಲ್ಲ.

ಗೊನೆ ಕಡಿದ ಬಾಳೆಯ ಗಡ್ಡೆಯಿಂದ ಕಂದು ಏಳುವಂತೆ, ಹೊಸ ಪದರ ಏಳುವುದು ಈ ಬೇಸಲ್ ಕೋಶಗಳಿಂದಲೇ. ಮೊದಲು ಅವು ಚಪ್ಪಟೆಯಾಗಿ ಹರಡಿ ಬರಿದಾದ ಜಾಗವನ್ನು ಮುಚ್ಚುತ್ತವೆ, ಆಮೇಲೆ ಒಂದು ಎರಡಾಗಿ ಒಡೆದು ಹೆಚ್ಚುತ್ತವೆ, ಅವುಗಳಲ್ಲಿ ಕೆಲವು ಲೋಳೆ ಸುರಿಸುವ ಕೋಶಗಳಾಗುತ್ತವೆ. ರೋಮ ಮೂಡುವುದು ಕೊನೆಗೆ. ಇಷ್ಟೆಲ್ಲ ಆಗಲು ವಾರಗಳೇ ಬೇಕು. ವೈರಸ್ ಜ್ವರದ ನಂತರದ ಕೆಮ್ಮು ಎಂಟು ವಾರದವರೆಗೂ ಎಳೆಯುವುದುಂಟು.

ಈಗ ನಿಮ್ಮ ಮುಖ್ಯ ಪ್ರಶ್ನೆ. ಬೇಸಲ್ ಕೋಶಗಳಿಗೆ "ಒಡೆದು ಬೆಳೆ" ಎಂಬ ಸಂದೇಶ ಕೊಡುವವುಗಳಲ್ಲಿ ರೋಗನಿರೋಧಕ ಕೋಶಗಳೂ ಸೇರಿವೆ. ಹಾನಿಗೊಂಡ ಪದರದಿಂದ ಐಎಲ್-33 ಎಂಬ ಪ್ರೋಟೀನು ಸೋರುತ್ತದೆ. ಶ್ವಾಸನಾಳದ ಸುತ್ತಲೇ ನೆಲೆಸಿರುವ ಐಎಲ್‌ಸಿ-2 ಎಂಬ ರೋಗನಿರೋಧಕ ಕೋಶಗಳು ಅದನ್ನು ಗುರುತಿಸಿ ಆಂಫಿರೆಗುಲಿನ್ ಎಂಬ ಬೆಳವಣಿಗೆಯ ಪ್ರೋಟೀನನ್ನು ಸುರಿಸುತ್ತವೆ. ಅದು ಒಳಪದರದ ಕೋಶಗಳ ಗ್ರಾಹಿಗೆ ಅಂಟಿಕೊಂಡರೆ ಅವು ಬೆಳೆಯತೊಡಗುತ್ತವೆ. 2011ರಲ್ಲಿ ಫ್ಲೂ ತಗಲಿಸಿದ ಇಲಿಗಳಿಂದ ಈ ಕೋಶಗಳನ್ನು ತೆಗೆದು ನೋಡಿದಾಗ ಒಳಪದರ ಕೆಟ್ಟು ಶ್ವಾಸಕೋಶದ ಕೆಲಸ ಕುಂದಿತು, ಆಂಫಿರೆಗುಲಿನ್ ಕೊಟ್ಟಾಗ ಸುಧಾರಿಸಿತು. 2015ರ ಪ್ರಯೋಗ ಇನ್ನೂ ಸೊಗಸಾದದ್ದು. ಉರಿಯೂತವನ್ನು ಹತೋಟಿಯಲ್ಲಿಡುವ ನಿಯಂತ್ರಕ ಟಿ ಕೋಶಗಳಿಂದ ಆಂಫಿರೆಗುಲಿನ್ ಒಂದನ್ನು ಮಾತ್ರ ಕಳೆದರು. ಇಲಿಗಳು ವೈರಸ್ಸನ್ನು ಎದುರಿಸುವುದರಲ್ಲಿ ವ್ಯತ್ಯಾಸ ಕಾಣಲಿಲ್ಲ, ಆದರೆ ಶ್ವಾಸಕೋಶದ ಹಾನಿ ತೀವ್ರವಾಯಿತು. ಅಂದರೆ ಕೊಲ್ಲುವ ಕೆಲಸ ಬೇರೆ, ಕಟ್ಟುವ ಕೆಲಸವೇ ಬೇರೆ. ಸತ್ತ ಕೋಶಗಳನ್ನು ನುಂಗಿ ಜಾಗ ತೆರವು ಮಾಡುವ ಮ್ಯಾಕ್ರೋಫೇಜ್‌ಗಳೂ ನುಂಗಿದ ಮೇಲೆ ಉರಿಯೂತದ ಸಂಕೇತ ತಗ್ಗಿಸಿ ದುರಸ್ತಿಯ ಕಡೆ ಹೊರಳುತ್ತವೆ.

ಹೋರಾಟ ಹೆಚ್ಚು ದಿನ ಎಳೆದರೆ ಈ ದುರಸ್ತಿಗೇ ಅಡ್ಡಿಯಾಗುತ್ತದೆ. ಮೊದಲ ದಿನಗಳಲ್ಲಿ ವೈರಸ್ಸನ್ನು ತಡೆಯುವ ಇಂಟರ್‌ಫೆರಾನ್ ಎಂಬ ಪ್ರೋಟೀನು ಆಮೇಲೂ ಉಳಿದರೆ ಒಳಪದರದ ಕೋಶಗಳು ಒಡೆದು ಹೆಚ್ಚುವುದನ್ನು ತಡೆಯುತ್ತದೆ ಎಂದು 2020ರಲ್ಲಿ ಇಲಿಗಳಲ್ಲೇ ಕಂಡುಬಂತು. ಆದ್ದರಿಂದ "ಶಕ್ತಿ ಹೆಚ್ಚಿಸುವ" ಪುಡಿಗೆ ದುಡ್ಡು ಸುರಿಯಬೇಡಿ. ಈಗ ಬೇಕಾದದ್ದು ಹೋರಾಟ ಜೋರಾಗುವುದಲ್ಲ, ಹೊತ್ತಿಗೆ ಸರಿಯಾಗಿ ನಿಲ್ಲುವುದು. ಹಾಗೆಂದು ಹೋರಾಟ ನಿಲ್ಲಿಸಲು ಸ್ಟೀರಾಯ್ಡ್ ಗುಳಿಗೆಯನ್ನೂ ನೀವೇ ತಂದು ನುಂಗಬೇಡಿ. ಒಳ್ಳೆಮೆಣಸಿನ ಕಷಾಯ, ಬಿಸಿ ಗಂಜಿತಿಳಿ ಧಾರಾಳ ಕುಡಿಯಿರಿ, ಗಂಟಲಿಗೆ ಹಿತ. ಪದರ ಕಟ್ಟುವ ಕೆಲಸ ಮಾತ್ರ ಅವುಗಳದ್ದಲ್ಲ.

ಮದ್ದು ಬಿಡುವ ವಿಷಯ. ಅಡಿಕೆಯ ಕೊಳೆರೋಗ ನಿಮ್ಮ ಕೆಮ್ಮಿಗಾಗಿ ಕಾಯುವುದಿಲ್ಲ ಎಂದು ನಮಗೂ ಗೊತ್ತು. ಆದರೂ ಈ ಸಲ ಬೇರೆಯವರಿಂದ ಮಾಡಿಸಿ. ನೂರು ಲೀಟರಿಗೆ ಒಂದು ಕಿಲೋ ಮೈಲುತುತ್ತು (ತಾಮ್ರದ ಸಲ್ಫೇಟ್), ಒಂದು ಕಿಲೋ ಸುಣ್ಣದ ಬೋರ್ಡೋ ದ್ರಾವಣ ತುಂತುರಾಗಿ ಒಳಗೆ ಹೋದರೆ ತಾಮ್ರದ ಕಣಗಳು ಶ್ವಾಸಕೋಶದಲ್ಲೇ ಕೂರುತ್ತವೆ. ಪೋರ್ಚುಗಲ್‌ನ ದ್ರಾಕ್ಷಿತೋಟಗಳಲ್ಲಿ ಇದೇ ದ್ರಾವಣ ಸಿಂಪಡಿಸುತ್ತಿದ್ದವರಿಗೆ ಬಂದ ಶ್ವಾಸಕೋಶದ ಕಾಯಿಲೆ 1969ರಲ್ಲೇ ದಾಖಲಾಗಿದೆ. ಸುಣ್ಣ ಅರಳಿಸುವ ಜಾಗದಿಂದಲೂ ದೂರವಿರಿ, ಆ ಧೂಳು ಕ್ಷಾರ, ಹಸಿ ಪದರವನ್ನು ಸುಡುತ್ತದೆ. ಮುಖಕ್ಕೆ ಕಟ್ಟುವ ಬೈರಾಸು ಸಣ್ಣ ತುಂತುರನ್ನು ತಡೆಯುವುದಿಲ್ಲ. ಹೋಗಲೇಬೇಕಾಗಿ ಬಂದರೆ ಎನ್-95 ಮಾಸ್ಕ್ ಹಾಕಿ, ಒದ್ದೆಯಾದ ಕೂಡಲೇ ಬದಲಿಸಿ. ಬೀಡಿ ಮತ್ತು ಬಚ್ಚಲ ಒಲೆಯ ಹೊಗೆ ಆಗತಾನೇ ಮೂಡುತ್ತಿರುವ ರೋಮಗಳಿಗೆ ಪೆಟ್ಟು ಕೊಡುತ್ತವೆ.

ಆ್ಯಂಟಿಬಯಾಟಿಕ್ ಈ ಗಾಯಕ್ಕೆ ಮದ್ದಲ್ಲ. ಆದರೆ ಪದರ ಕಳಚಿದ ಜಾಗಕ್ಕೆ ನ್ಯೂಮೊಕಾಕಸ್‌ನಂಥ ಬ್ಯಾಕ್ಟೀರಿಯಾ ಸುಲಭವಾಗಿ ಅಂಟಿಕೊಳ್ಳುತ್ತವೆ. ಬಿಟ್ಟ ಜ್ವರ ಮತ್ತೆ ಏರಿದರೆ, ಎದೆ ನೋವು, ಏದುಸಿರು ಅಥವಾ ಕಫದಲ್ಲಿ ರಕ್ತ ಕಂಡರೆ ಅದೇ ದಿನ ಆಸ್ಪತ್ರೆಗೆ ಹೋಗಿ, ಆಗ ಆ್ಯಂಟಿಬಯಾಟಿಕ್ ಬೇಕಾಗಬಹುದು.

ಇನ್ನೊಂದು ಕೆಲಸ ಈ ವಾರವೇ ಮಾಡಿ. ನಮ್ಮ ದೇಶದಲ್ಲಿ ಎರಡು ವಾರ ದಾಟಿದ ಕೆಮ್ಮಿಗೆ, ಕಾರಣ ಗೊತ್ತಿದೆ ಎನಿಸಿದರೂ, ಕ್ಷಯದ ಕಫ ಪರೀಕ್ಷೆ ಮಾಡಿಸಬೇಕು. ಸರ್ಕಾರಿ ಆಸ್ಪತ್ರೆಯಲ್ಲಿ ಅದು ಉಚಿತ. ಎರಡು ಮಾದರಿ ಕೊಡಬೇಕು, ಒಂದು ಬೆಳಗ್ಗೆ ಎದ್ದ ಕೂಡಲೇ ತೆಗೆದ ಕಫ, ಉಗುಳಲ್ಲ. ಕ್ಷಯವಿಲ್ಲವೆಂದು ಬಂದು, ಕೆಮ್ಮು ವಾರದಿಂದ ವಾರಕ್ಕೆ ಇಳಿಯುತ್ತಿದ್ದರೆ ಕಾಯಬಹುದು. ಎಂಟು ವಾರ ದಾಟಿದರೆ ಎದೆಯ ಎಕ್ಸ್-ರೇ ಜೊತೆಗೆ ಉಬ್ಬಸದ ಪರೀಕ್ಷೆಯನ್ನೂ ಮಾಡಿಸಿ.