ಪ್ರತಿ: ತೀರ್ಥಹಳ್ಳಿ ಕಡೆ ಹಳ್ಳಿಮನೆ, ಆಂಟೆನಾ ಟಿವಿಯಲ್ಲಿ ಬರೀ ಚುಕ್ಕೆ, ಬೂಸ್ಟರ್ ಬದಲಿಸಬೇಕಾ?

ಬೂಸ್ಟರ್‌ಗೆ ದುಡ್ಡು ಹಾಕಬೇಡಿ. ಮೂರ್ನಾಲ್ಕು ವರ್ಷ ಬೀಗ ಹಾಕಿದ್ದ ಮನೆ ಅಂದಿರಲ್ಲ, ಅಷ್ಟರಲ್ಲಿ ಸಿಗ್ನಲ್ಲೇ ನಿಂತುಹೋಗಿರಬೇಕು. ದೂರದರ್ಶನ ಮನೆ ಆಂಟೆನಾಗಳಿಗೆ ಸಿಗ್ನಲ್ ಕಳಿಸುತ್ತಿದ್ದ ತನ್ನ ಹಳೇ ಅನಲಾಗ್ ಟ್ರಾನ್ಸ್‌ಮಿಟರ್‌ಗಳನ್ನು ಒಂದೊಂದಾಗಿ ಮುಚ್ಚುತ್ತಾ ಬಂದು, 2022ರ ಮಾರ್ಚ್ ಹೊತ್ತಿಗೆ ಕೆಲವನ್ನು ಬಿಟ್ಟು ಉಳಿದೆಲ್ಲವನ್ನೂ ನಿಲ್ಲಿಸಿತು.

ಅಪ್ಪ ಅಮ್ಮನಿಗೆ ಚಂದನ ಸಿಕ್ಕರೆ ಸಾಕು ಅನ್ನುವುದಾದರೆ ದೂರದರ್ಶನದ್ದೇ ಉಪಗ್ರಹ ಟಿವಿ ಸೇವೆ ಡಿಡಿ ಫ್ರೀ ಡಿಶ್ ಹಾಕಿಸಿ. ತಿಂಗಳ ಬಾಡಿಗೆ ಇಲ್ಲ, ಡಿಶ್ಶು ಬಾಕ್ಸಿಗೆ ಒಂದು ಸಲ ಕೊಟ್ಟರೆ ಮುಗೀತು. ಎಂಪೆಗ್-4 (ಹೊಸ ಬಗೆಯ ವಿಡಿಯೊ ಸಿಗ್ನಲ್) ಬಾಕ್ಸನ್ನೇ ಕೇಳಿ, ಹಳೇ ಬಾಕ್ಸಿನಲ್ಲಿ ಕೆಲವು ಚಾನೆಲ್ ಬರಲ್ಲ. ನಿಮ್ಮದು ಹಳೇ ಟಿವಿ, ಹಿಂದೆ ಬಾಕ್ಸಿನ ವೈರು ಚುಚ್ಚುವ ಹಳದಿ, ಬಿಳಿ, ಕೆಂಪು ತೂತು ಇವೆಯಾ ಅಂತ ಮೊದಲೇ ನೋಡಿಸಿ.

ಕೊಳ್ಳುವ ಮೊದಲು ಅಂಗಳದಲ್ಲಿ ನಿಂತು ಆಗ್ನೇಯಕ್ಕೆ ತಲೆ ಎತ್ತಿ ನೋಡಬೇಕು. ಫ್ರೀ ಡಿಶ್ ಸಿಗ್ನಲ್ ಕಳಿಸುವ ಉಪಗ್ರಹ ಜಿಸ್ಯಾಟ್-15 ಇರುವುದು 93.5 ಡಿಗ್ರಿ ಪೂರ್ವದಲ್ಲಿ, ನಿಮ್ಮೂರಿಂದ ಅದು ಆ ದಿಕ್ಕಿಗೆ ಸಾಕಷ್ಟು ಎತ್ತರದಲ್ಲಿ, 60 ಡಿಗ್ರಿಗೂ ಮೇಲೆ ಬರುತ್ತದೆ. ಅಡ್ಡ ಮರ ಇರಬಾರದು. ನಮ್ಮಲ್ಲಿ ಒಂದೇ ಒಂದು ಹಲಸಿನ ಕೊಂಬೆ ಅಡ್ಡ ಇತ್ತು, ಗಾಳಿ ಬೀಸಿದಾಗಲೆಲ್ಲ ಚಿತ್ರ ಚೌಕ ಚೌಕವಾಗಿ ಒಡೆಯುತ್ತಿತ್ತು, ಡಿಶ್ ನಾಲ್ಕು ಅಡಿ ಪಕ್ಕಕ್ಕೆ ಸರಿಸಿದ ಮೇಲೆ ಸರಿಹೋಯಿತು.

ಕೂರಿಸುವಾಗ ಒಬ್ಬರು ಟಿವಿ ಮುಂದೆ ಇರಲಿ. ಸಿಗ್ನಲ್ ಕ್ವಾಲಿಟಿ ಪಟ್ಟಿ ಜಾಸ್ತಿ ಆಗುವವರೆಗೆ ಡಿಶ್ಶನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟೇ ತಿರುಗಿಸಿ, ನಟ್ಟು ಬಿಗಿ ಮಾಡಿ, ಆಮೇಲೆ ಚಾನೆಲ್ ಸ್ಕ್ಯಾನ್ ಕೊಡಿ.

ಜಡಿಮಳೆಗೆ ಸ್ವಲ್ಪ ಹೊತ್ತು ಚಿತ್ರ ಹೋಗುವುದು ಮಾಮೂಲು. ಮಳೆ ನಿಂತ ಮೇಲೂ ಬರದಿದ್ದರೆ ಎಲ್‌ಎನ್‌ಬಿ (ಡಿಶ್ ಮುಂದೆ ಕಡ್ಡಿಯ ತುದಿಯಲ್ಲಿ ಸಿಗ್ನಲ್ ಹಿಡಿಯುವ ಭಾಗ) ಕನೆಕ್ಟರಿಗೆ ನೀರು ಇಳಿದಿರಬಹುದು. ಬಾಕ್ಸ್ ಆಫ್ ಮಾಡಿ, ಬಿಚ್ಚಿ ಒರೆಸಿ, ಟೇಪ್ ಸುತ್ತಿ.