ಓದುಗರ ಪ್ರಶ್ನೆ: ನಡುಗುವುದೇ ಬೇರೆ, ಈಜುವುದೇ ಬೇರೆ

ಪ್ರಶ್ನೆ: ಬಿ.ಎಸ್ಸಿ. ಪ್ರಾಕ್ಟಿಕಲ್‌ನಲ್ಲಿ ಹ್ಯಾಂಗಿಂಗ್ ಡ್ರಾಪ್ (ಗಾಜಿನಿಂದ ತೂಗುವ ಹನಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡುವ ವಿಧಾನ) ಮಾಡಿ ನೋಡಿದಾಗ ಬ್ಯಾಕ್ಟೀರಿಯಾ ಎಲ್ಲವೂ ಅಲ್ಲಾಡುತ್ತಿದ್ದವು. ‘ಚಲಿಸುತ್ತದೆ’ ಎಂದು ರೆಕಾರ್ಡ್‌ನಲ್ಲಿ ಬರೆದೆವು. ಆದರೆ ಜೆಲ್ಲಿಯಂಥ ಮೆದು ಅಗಾರ್‌ಗೆ ಚುಚ್ಚಿಟ್ಟ ಟ್ಯೂಬಿನಲ್ಲಿ ಬೆಳವಣಿಗೆ ಸೂಜಿಯ ಗೆರೆ ಬಿಟ್ಟು ಆಚೆ ಹೋಗಲೇ ಇಲ್ಲ. ಯಾವುದನ್ನು ನಂಬಬೇಕು?
(ದಾವಣಗೆರೆಯ ವಿದ್ಯಾರ್ಥಿನಿ)

ಉತ್ತರ: ನೀವು ಕಂಡದ್ದು ಬಹುಶಃ ಬ್ರೌನಿಯನ್ ಚಲನೆ. ನೀರಿನ ಅಣುಗಳು ಎಲ್ಲ ಕಡೆಯಿಂದಲೂ ಬಡಿಯುತ್ತಿರುವುದರಿಂದ ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಪಾಲು) ಗಾತ್ರದ ಯಾವ ಕಣವೂ ಸುಮ್ಮನಿರಲಾರದು. ಸತ್ತ ಕೋಶವೂ ನಡುಗುತ್ತದೆ, ಮಸಿಯ ಕಣವೂ ನಡುಗುತ್ತದೆ. ಅದೇ ಕಲ್ಚರಿಗೆ ಕೋಶಗಳನ್ನು ಕೊಲ್ಲುವ ಫಾರ್ಮಲಿನ್ ಒಂದು ತೊಟ್ಟು ಬೆರೆಸಿ ಇನ್ನೊಂದು ಹನಿ ಮಾಡಿ ನೋಡಿ. ಎರಡೂ ಒಂದೇ ಥರ ಕಂಡರೆ ನಿಮ್ಮದು ಈಜಲ್ಲ, ನಡುಕ.

ವಿಧಾನವನ್ನು ಮತ್ತೊಮ್ಮೆ ಎಚ್ಚರದಿಂದ ಮಾಡಿ. ಕಲ್ಚರ್ ಎಳೆಯದಿರಬೇಕು: ಬ್ರಾತ್‌ನಲ್ಲಿ ನಾಲ್ಕರಿಂದ ಆರು ಗಂಟೆ ಬೆಳೆದದ್ದು ಒಳ್ಳೆಯದು. ಕವರ್‌ಸ್ಲಿಪ್‌ನ ಅಂಚಿಗೆ ತೆಳುವಾಗಿ ವ್ಯಾಸಲೀನ್ ಹಚ್ಚಿ, ನಡುವೆ ಒಂದು ಲೂಪ್‌ನಷ್ಟು ಚಿಕ್ಕ ಹನಿ ಇಡಿ. ಕ್ಯಾವಿಟಿ ಸ್ಲೈಡನ್ನು ಗುಳಿ ಕೆಳಮುಖವಾಗಿ ಅದರ ಮೇಲೆ ಒತ್ತಿ, ಒಮ್ಮೆಲೇ ತಿರುಗಿಸಿ. ಹನಿ ಗುಳಿಯ ತಳ ಮುಟ್ಟಿದರೆ ಕೆಲಸ ಕೆಟ್ಟಿತು, ಬೇರೆ ಮಾಡಿ. ಮೊದಲು 10 ಎಕ್ಸ್‌ನಲ್ಲಿ ಹನಿಯ ಅಂಚು ಹುಡುಕಿ, ಆಮೇಲೆ 40 ಎಕ್ಸ್‌ಗೆ ಹೋಗಿ. ಆಮ್ಲಜನಕ ಬೇಕಾದ ಕೋಶಗಳು ಅಂಚಿನಲ್ಲೇ ಚುರುಕಾಗಿರುತ್ತವೆ. ಬಣ್ಣ ಹಾಕದ ಕೋಶ ಬೆಳಕು ಹೆಚ್ಚಾದರೆ ಕಾಣುವುದೇ ಇಲ್ಲ. ಬೆಳಕು ತಗ್ಗಿಸುವ ಡಯಾಫ್ರಮ್ ಕಿರಿದು ಮಾಡಿ. ನೋಡಿ ಮುಗಿದ ಮೇಲೆ ಸ್ಲೈಡ್ ನೇರವಾಗಿ ಹೈಪೋಕ್ಲೋರೈಟ್ ದ್ರಾವಣಕ್ಕೆ.

ಎಲ್ಲ ಕೋಶಗಳೂ ಒಂದೇ ದಿಕ್ಕಿಗೆ ಸಾಗುತ್ತಿದ್ದರೆ ಅದು ಹರಿವು. ವ್ಯಾಸಲೀನ್ ಎಲ್ಲೋ ಬಿಟ್ಟುಕೊಂಡು ಹನಿ ಆರುತ್ತಿದೆ ಎಂದರ್ಥ. ನಿಜವಾಗಿ ಈಜುವ ಕೋಶಗಳು ಒಂದನ್ನೊಂದು ಹಾದು, ಬೇರೆ ಬೇರೆ ದಿಕ್ಕಿಗೆ, ನೋಟದ ವೃತ್ತವನ್ನೇ ದಾಟಿ ಹೋಗುತ್ತವೆ. ಕರುಳಿನಲ್ಲಿರುವ ಇ. ಕೋಲೈ ಬ್ಯಾಕ್ಟೀರಿಯಾ ಸೆಕೆಂಡಿಗೆ 20–30 ಮೈಕ್ರಾನ್ ಓಡುತ್ತದೆ. ಎರಡು ಮೈಕ್ರಾನ್ ಉದ್ದದ ಜೀವಿಗೆ ಅದು ತನ್ನ ಮೈಯ ಹತ್ತು-ಹದಿನೈದು ಪಟ್ಟು ದೂರ.

ಈಜಬಲ್ಲ ಕೋಶ ಈಜದೇ ಇರುವುದೂ ಉಂಟು. ಹಳೆಯ ಕಲ್ಚರ್, ಟ್ಯೂಬನ್ನು ಜೋರಾಗಿ ಕುಲುಕಿ ಮುರಿದ ಕಶಾಂಗಗಳು (ಕೋಶವನ್ನು ಈಜಿಸುವ ಎಳೆಗಳು), ತಣ್ಣನೆಯ ಸ್ಲೈಡ್, ಇವೆಲ್ಲ ಕಾರಣಗಳೇ. ಮಾಧ್ಯಮದಲ್ಲಿ ಗ್ಲೂಕೋಸ್ ಹೇರಳವಾಗಿದ್ದರೆ ಇ. ಕೋಲೈ ಕಶಾಂಗ ಕಟ್ಟುವುದನ್ನೇ ತಗ್ಗಿಸುತ್ತದೆ. ಲಿಸ್ಟೀರಿಯಾ ಎಂಬ ಬ್ಯಾಕ್ಟೀರಿಯಾ 25 ಡಿಗ್ರಿಯಲ್ಲಿ ಚೆನ್ನಾಗಿ ಈಜುತ್ತದೆ, 37ರಲ್ಲಿ ಇಲ್ಲ. ಹಾಗಾಗಿ ಒಂದೇ ಉಷ್ಣತೆಯಲ್ಲಿ ನೋಡಿ ತೀರ್ಪು ಕೊಡಬೇಡಿ.

ಇನ್ನು ಚುಚ್ಚಿಟ್ಟ ಟ್ಯೂಬು. ಅಗಾರ್ ಶೇ. 0.3ರಿಂದ 0.4 ಇರಲಿ, ನೇರ ಸೂಜಿ ಅಲುಗದೆ ಹೋಗಿ ಹೋದ ದಾರಿಯಲ್ಲೇ ಬರಲಿ. ಕೈ ಅಲುಗಿದರೆ ಗೆರೆ ಅಗಲವಾಗಿ, ಚಲಿಸದ್ದೂ ಚಲಿಸಿದಂತೆ ಕಾಣುತ್ತದೆ. ಪಕ್ಕದಲ್ಲಿ ಇ. ಕೋಲೈ ಒಂದು, ಕ್ಲೆಬ್ಸಿಯೆಲ್ಲಾ ನ್ಯುಮೋನಿಯೆ ಒಂದು, ಹೀಗೆ ಎರಡು ಹೋಲಿಕೆಯ ಟ್ಯೂಬ್ ಇಲ್ಲದ ಫಲಿತಾಂಶವನ್ನು ರೆಕಾರ್ಡ್‌ಗೆ ಬರೆಯಲೇಬಾರದು. ಮೊದಲನೆಯದು ಈಜುತ್ತದೆ, ಎರಡನೆಯದು ಈಜುವುದಿಲ್ಲ.

ಪ್ರಶ್ನೆ: ಚುಕ್ಕಾಣಿ ಇಲ್ಲ, ಕಣ್ಣಿಲ್ಲ, ಮಿದುಳಿಲ್ಲ. ಬ್ಯಾಕ್ಟೀರಿಯಾ ಆಹಾರದ ಕಡೆಗೇ ಹೋಗುವುದು ಹೇಗೆ?
(ಶಿವಮೊಗ್ಗದ ಪ್ರೌಢಶಾಲಾ ಶಿಕ್ಷಕರು)

ಉತ್ತರ: ಮೊದಲು ಅದು ಬದುಕುವ ನೀರನ್ನು ಅದರ ಅಳತೆಯಲ್ಲಿ ಊಹಿಸಿಕೊಳ್ಳಬೇಕು. ಅಷ್ಟು ಚಿಕ್ಕ ಮೈಗೆ ನೀರು ಜೋನಿಬೆಲ್ಲದ ಹಾಗೆ ಅಂಟು. ಕಶಾಂಗವನ್ನು ತಿರುಗಿಸುವ ಮೋಟಾರು ನಿಂತರೆ ಕೋಶ ಒಂದು ಹೈಡ್ರೋಜನ್ ಪರಮಾಣುವಿನ ಅಗಲದಷ್ಟೂ ಜಾರದೆ ನಿಂತುಬಿಡುತ್ತದೆ. ಗಟ್ಟಿ ಹುಟ್ಟನ್ನು ಹಿಂದೆ ಮುಂದೆ ಆಡಿಸಿದರೆ ಹೋದಷ್ಟೇ ಹಿಂದಕ್ಕೆ ಬರಬೇಕಾಗುತ್ತದೆ. ಆದ್ದರಿಂದ ಕಶಾಂಗ ಬೀಸುವುದಿಲ್ಲ, ತಿರುಪುಮೊಳೆ ಮರಕ್ಕೆ ಇಳಿದಂತೆ ತಿರುಗುತ್ತದೆ. ಇದನ್ನು 1973ರಲ್ಲಿ ಹೊವರ್ಡ್ ಬರ್ಗ್ ಮತ್ತು ಆಂಡರ್ಸನ್ ವಾದಿಸಿದರು. ಮರುವರ್ಷ ಸಿಲ್ವರ್‌ಮನ್ ಮತ್ತು ಸೈಮನ್ ಕಶಾಂಗವನ್ನೇ ಗಾಜಿಗೆ ಅಂಟಿಸಿಬಿಟ್ಟರು. ಕಶಾಂಗ ತಿರುಗಲಾಗದೆ ಕೋಶದ ಮೈಯೇ ಗಿರಗಿರನೆ ತಿರುಗಿತು. ಇಷ್ಟು ಸರಳವಾದ, ಇಷ್ಟು ಖಚಿತವಾದ ಸಾಕ್ಷಿ ಜೀವವಿಜ್ಞಾನದಲ್ಲಿ ಅಪರೂಪ.

ಕೋಶಪೊರೆಯಲ್ಲಿ ಕುಳಿತ ಈ ಮೋಟಾರು ಸುಮಾರು 45 ನ್ಯಾನೋಮೀಟರ್ ಅಗಲ. ಇ. ಕೋಲೈಯಲ್ಲಿ ಅದನ್ನು ತಿರುಗಿಸುವುದು ಕೋಶಕ್ಕೆ ಶಕ್ತಿ ಕೊಡುವ ಅಣುವಾದ ಎಟಿಪಿ ಅಲ್ಲ, ಪೊರೆಯ ಹೊರಗಿನಿಂದ ಒಳಕ್ಕೆ ನುಗ್ಗುವ ಪ್ರೋಟಾನ್‌ಗಳು. ಒಂದು ಸುತ್ತಿಗೆ ಸಾವಿರದ ಲೆಕ್ಕದಲ್ಲಿ ಬೇಕು. ಮೋಟಾರಿಗೆ ಕೊಕ್ಕೆಯಂಥ ಒಂದು ತುಂಡು, ಅದಕ್ಕೆ 5–10 ಮೈಕ್ರಾನ್ ಉದ್ದದ ಸುರುಳಿ ಎಳೆ. ಎಳೆ ಟೊಳ್ಳು. ಹೊಸ ಫ್ಲ್ಯಾಜೆಲಿನ್ ಪ್ರೋಟೀನು ಆ ಟೊಳ್ಳಿನೊಳಗೆ ಸಾಗಿ ತುದಿಗೆ ಸೇರುತ್ತದೆ. ಕೂದಲು ಬುಡದಿಂದ ಬೆಳೆದರೆ, ಇದು ತುದಿಯಿಂದ ಬೆಳೆಯುತ್ತದೆ.

ಇನ್ನು ದಿಕ್ಕು. ಮೋಟಾರುಗಳು ಅಪ್ರದಕ್ಷಿಣವಾಗಿ ತಿರುಗಿದಾಗ ಕಶಾಂಗಗಳೆಲ್ಲ ಜಡೆಯಂತೆ ಕೂಡಿಕೊಂಡು ಕೋಶವನ್ನು ಸುಮಾರು ಒಂದು ಸೆಕೆಂಡು ನೆಟ್ಟಗೆ ಒಯ್ಯುತ್ತವೆ. ಕೆಲವು ಪ್ರದಕ್ಷಿಣವಾಗಿ ತಿರುಗಿದರೆ ಜಡೆ ಬಿಚ್ಚಿಕೊಂಡು ಕೋಶ ಸೆಕೆಂಡಿನ ಹತ್ತನೇ ಒಂದು ಪಾಲು ಪಲ್ಟಿ ಹೊಡೆಯುತ್ತದೆ. ಆಮೇಲೆ ಯಾವ ಕಡೆಗೆ ಮುಖವೋ ಆ ಕಡೆಗೆ ಓಟ. ದಿಕ್ಕನ್ನು ಅದು ಆರಿಸುವುದಿಲ್ಲ. ಆರಿಸುವುದು ಪಲ್ಟಿಯ ಹೊತ್ತನ್ನು ಮಾತ್ರ.

ಕೋಶದ ತುದಿಯಲ್ಲಿ ಗುಂಪಾಗಿರುವ ಗ್ರಾಹಕಗಳು ಸಕ್ಕರೆ, ಅಮೈನೋ ಆಮ್ಲಗಳನ್ನು ಗುರುತಿಸುತ್ತವೆ. ಅವಕ್ಕೆ ಏನೂ ಸಿಗದಿದ್ದಾಗ ಚೆವೈ ಎಂಬ ಪುಟ್ಟ ಪ್ರೋಟೀನಿಗೆ ಫಾಸ್ಫೇಟ್ ಸೇರುತ್ತದೆ. ಅದು ಹೋಗಿ ಮೋಟಾರಿಗೆ ಅಂಟಿದರೆ ಪಲ್ಟಿ. ಆಹಾರ ಹೆಚ್ಚುತ್ತಿದ್ದರೆ ಫಾಸ್ಫೇಟ್ ಕಡಿಮೆ, ಪಲ್ಟಿ ತಡ, ಓಟ ಉದ್ದ. ಹೆಚ್ಚುತ್ತಿದೆ ಎಂದು ತಿಳಿಯಲು ಹಿಂದಿನದು ನೆನಪಿರಬೇಕಲ್ಲ? ಗ್ರಾಹಕಗಳಿಗೆ ಮೀಥೈಲ್ ಗುಂಪು ಎಂಬ ಪುಟ್ಟ ರಾಸಾಯನಿಕ ತುಣುಕು ಸೇರುವುದು, ಕಳಚುವುದು ತುಸು ನಿಧಾನ. ಆ ನಿಧಾನವೇ ನೆನಪು. ಕಳೆದ ಒಂದು ಸೆಕೆಂಡನ್ನು ಅದಕ್ಕೂ ಹಿಂದಿನ ಮೂರು ಸೆಕೆಂಡುಗಳ ಜತೆ ಅದು ಹೋಲಿಸುತ್ತದೆ.

ದಾವಣಗೆರೆಯ ವಿದ್ಯಾರ್ಥಿನಿಗೂ ಇದು ಉಪಯುಕ್ತ. ಚೆವೈ ಕಳೆದುಕೊಂಡ ರೂಪಾಂತರಿಗಳು ನೆಟ್ಟಗೆ ಓಡುತ್ತಲೇ ಇರುತ್ತವೆ, ಪಲ್ಟಿ ಹೊಡೆಯಲಾರವು. ಹ್ಯಾಂಗಿಂಗ್ ಡ್ರಾಪ್‌ನಲ್ಲಿ ಅವು ಅದ್ಭುತ ಈಜುಗಾರರು. ಮೆದು ಅಗಾರ್‌ನ ಕುರುಡು ಓಣಿಗಳಲ್ಲಿ ಸಿಕ್ಕಿಕೊಂಡು ಹರಡುವುದೇ ಇಲ್ಲ. ಅಗಾರ್ ಪರೀಕ್ಷೆ ಬರೀ ಈಜನ್ನಲ್ಲ, ತಿರುಗುವುದನ್ನೂ ಅಳೆಯುತ್ತದೆ.

ಪ್ರಶ್ನೆ: ಇ. ಕೋಲೈ 20 ನಿಮಿಷಕ್ಕೆ ಇಮ್ಮಡಿಯಾಗುತ್ತದೆ, ಅದರ ಡಿಎನ್‌ಎ ನಕಲಾಗಲು 40 ನಿಮಿಷ ಬೇಕು ಎಂದು ಒಂದೇ ಪುಟದಲ್ಲಿ ಓದಿದೆ. ಮುದ್ರಣದ ತಪ್ಪೇ?
(ಮೈಸೂರಿನ ಓದುಗರು)

ಉತ್ತರ: ಎರಡೂ ಸರಿ. ಆ ಡಿಎನ್‌ಎ ಇರುವ ವರ್ಣತಂತು ಒಂದು ಮುಚ್ಚಿದ ಬಳೆ, ಸುಮಾರು 46 ಲಕ್ಷ ಪ್ರತ್ಯಾಮ್ಲ ಜೋಡಿ (ಡಿಎನ್‌ಎ ಏಣಿಯ ಮೆಟ್ಟಿಲುಗಳು), ಬಿಡಿಸಿದರೆ 1.6 ಮಿಲಿಮೀಟರ್. ನಕಲು ಒಂದೇ ಜಾಗದಲ್ಲಿ ಶುರುವಾಗಿ ಎರಡೂ ಕಡೆಗೆ ಸೆಕೆಂಡಿಗೆ ಸುಮಾರು ಸಾವಿರ ಜೋಡಿಯಂತೆ ಸಾಗುತ್ತದೆ. ಅರ್ಧ ಬಳೆ 23 ಲಕ್ಷ, ಅಂದರೆ 2,300 ಸೆಕೆಂಡು, ಮೂವತ್ತೆಂಟು ನಿಮಿಷ ಚಿಲ್ಲರೆ. ನಕಲು ಮುಗಿದ ಮೇಲೆ ಕೋಶ ಒಡೆಯಲು ಇನ್ನೂ 20 ನಿಮಿಷ ಬೇಕು.

ಪೌಷ್ಟಿಕ ಮಾಧ್ಯಮದಲ್ಲಿರುವ ಕೋಶ ಒಂದು ಸುತ್ತು ಮುಗಿಯಲೆಂದು ಕಾಯುವುದಿಲ್ಲ, ಮುಗಿಯುವ ಮುಂಚೆಯೇ ಮುಂದಿನ ಸುತ್ತು ಶುರು ಮಾಡುತ್ತದೆ. ಈಗ ಒಡೆಯುತ್ತಿರುವ ಕೋಶದ ನಕಲು ಆರಂಭವಾದದ್ದು ಅದರ ಅಜ್ಜಿ ಹುಟ್ಟಿದ ಹೊತ್ತಿನಲ್ಲಿ. ಹೀಗಾಗಿ ವೇಗವಾಗಿ ಬೆಳೆಯುವಾಗ ಆರಂಭಬಿಂದುವಿನ ಹತ್ತಿರದ ವಂಶವಾಹಿಗಳು ದೂರದವಕ್ಕಿಂತ ಹೆಚ್ಚು ಪ್ರತಿಗಳಲ್ಲಿರುತ್ತವೆ.

ಪ್ರಶ್ನೆ: ಮೊಸರಿನ ಬ್ಯಾಕ್ಟೀರಿಯಾಗಳೂ ಈಜುತ್ತವೆಯೇ?
(ಶಿರಸಿಯ ಗೃಹಿಣಿ)

ಉತ್ತರ: ಇಲ್ಲ. ಲ್ಯಾಕ್ಟೋಕಾಕಸ್ ಲ್ಯಾಕ್ಟಿಸ್, ಸ್ಟ್ರೆಪ್ಟೋಕಾಕಸ್ ಥರ್ಮೋಫಿಲಸ್ ಇವುಗಳಿಗೆ ಕಶಾಂಗವಿಲ್ಲ. ಬಿದ್ದಲ್ಲೇ ಬೆಳೆದು, ಲ್ಯಾಕ್ಟಿಕ್ ಆಮ್ಲ ಬಿಟ್ಟು, ಪಿಹೆಚ್ 4.6ರ ಹತ್ತಿರಕ್ಕೆ ಇಳಿಸಿ ಹಾಲನ್ನು ಗಟ್ಟಿ ಮಾಡುತ್ತವೆ. ಇನ್ನೊಂದು ವಿಷಯ: ಹಾಲಿನಲ್ಲಿ ಬೆಳೆಯುವ ಲ್ಯಾಕ್ಟೋಕಾಕಸ್‌ಗಳಲ್ಲಿ ಲ್ಯಾಕ್ಟೋಸ್ ಅರಗಿಸುವ ವಂಶವಾಹಿಗಳು ಸಾಮಾನ್ಯವಾಗಿ ಮುಖ್ಯ ವರ್ಣತಂತುವಿನಲ್ಲಿಲ್ಲ, ಪ್ಲಾಸ್ಮಿಡ್ ಎಂಬ ಪುಟ್ಟ ಬಳೆಯಲ್ಲಿವೆ. ಪ್ರಯೋಗಾಲಯದಲ್ಲಿ ಬರೀ ಗ್ಲೂಕೋಸ್ ಕೊಟ್ಟು ಮತ್ತೆ ಮತ್ತೆ ಬೆಳೆಸಿದರೆ ಆ ಬಳೆ ಕಳೆದುಹೋಗಿ, ಆಮೇಲೆ ಹಾಲಿಗೆ ಹಾಕಿದರೂ ಸರಿಯಾಗಿ ಹೆಪ್ಪುಗಟ್ಟುವುದಿಲ್ಲ. ಮನೆಯಲ್ಲಿ ಹೆಪ್ಪು ಹಾಲಿನಿಂದ ಹಾಲಿಗೇ ಹೋಗುವುದರಿಂದ ಆ ಭಯವಿಲ್ಲ. ಅವು ತಾವಾಗಿ ಹರಡಲಾರವು, ಆದ್ದರಿಂದ ಉಗುರುಬೆಚ್ಚಗಿನ ಹಾಲಿಗೆ ಹೆಪ್ಪು ಹಾಕಿದ ಕೂಡಲೇ ತಳದವರೆಗೆ ಕಲಕಿ. ಆಮೇಲೆ ಪಾತ್ರೆ ಅಲುಗಿಸಬೇಡಿ. ಕಟ್ಟುತ್ತಿರುವ ಮೊಸರು ಒಡೆದು ನೀರು ಬಿಡುತ್ತದೆ.