ಸರ್ಕಾರ ಯಾರ ಕಡೆ?

ಪ್ರಶ್ನೆ: ಎಂಟು ಗಂಟೆ ಕೆಲಸ, ವಾರದ ರಜೆ, ಇವೆಲ್ಲ ಸರ್ಕಾರದ ಕಾನೂನಿನಿಂದ ಬಂದವು. ಹಾಗಾದರೆ ಮುಷ್ಕರ ಮಾಡಿದ್ದು ಬಿಟ್ಟರೆ ಯೂನಿಯನ್‌ಗಳು ಮಾಡಿದ್ದೇನು?

ಉತ್ತರ: ಕಾನೂನು ಸರ್ಕಾರದ್ದೇ, ಸರಿ. ಆದರೆ ಸರ್ಕಾರ ಮೊದಲು ಎಂಥ ಕಾನೂನು ಮಾಡಿತ್ತು ನೋಡಿ. ಬ್ರಿಟನ್ನಿನಲ್ಲಿ 1799 ಮತ್ತು 1800ರಲ್ಲಿ, ಕೆಲಸಗಾರರು ಒಟ್ಟಾಗಿ ಜಾಸ್ತಿ ಕೂಲಿ ಕೇಳುವುದೇ ಅಪರಾಧ ಅಂತ ಮಾಡಿದರು. (ಮಾಲೀಕರು ಒಟ್ಟಾಗುವುದಕ್ಕೂ ನಿಷೇಧ ಇತ್ತು, ಹೆಸರಿಗೆ ಮಾತ್ರ.) 1824ರಲ್ಲಿ ಅದು ರದ್ದಾಯಿತು. ಆದರೂ 1834ರಲ್ಲಿ ಟಾಲ್‌ಪಡಲ್ ಎಂಬ ಹಳ್ಳಿಯಲ್ಲಿ ಸಂಘ ಕಟ್ಟಿದ ಆರು ಕೃಷಿ ಕೂಲಿಗಳ ಮೇಲೆ ಗುಟ್ಟಾಗಿ ಪ್ರಮಾಣ ಮಾಡಿಸಿದ ಆರೋಪ ಹೊರಿಸಿ, ಏಳು ವರ್ಷ ಶಿಕ್ಷೆ ಕೊಟ್ಟು ಹಡಗು ಹತ್ತಿಸಿ ಆಸ್ಟ್ರೇಲಿಯಾಕ್ಕೆ ಸಾಗಿಸಿದರು. ಜನ ಗಲಾಟೆ ಎಬ್ಬಿಸಿದ ಮೇಲೆ 1836ರಲ್ಲಿ ಕ್ಷಮೆ ಸಿಕ್ಕಿತು.

ಅಂದರೆ ಸರ್ಕಾರ ಇದ್ದದ್ದು ಮಾಲೀಕರ ಮಗ್ಗುಲಲ್ಲೇ. ಅದನ್ನು ಅಲ್ಲಿಂದ ಎಬ್ಬಿಸಿದ್ದು ಯೂನಿಯನ್.

ಎಬ್ಬಿಸಿದ್ದು ಹೇಗೆ ಅಂತ ನೋಡಬೇಕಾದರೆ ಅಮೆರಿಕದ ಫ್ಲಿಂಟ್ ಊರಿಗೆ ಹೋಗಬೇಕು. 1936ರ ಡಿಸೆಂಬರ್ 30ರಂದು ಜನರಲ್ ಮೋಟರ್ಸ್ ಕಾರು ಕಂಪನಿಯ ಕೆಲಸಗಾರರು ಮುಷ್ಕರ ಹೂಡಿದರು, ಗೇಟಿನ ಹೊರಗಲ್ಲ, ಫ್ಯಾಕ್ಟರಿ ಒಳಗೇ ಕೂತು. ಹೊರಗೆ ನಿಂತರೆ ಬೇರೆಯವರನ್ನು ತಂದು ಮೆಷಿನ್ ಓಡಿಸಿಬಿಡುತ್ತಾರೆ ಅಲ್ವಾ, ಅದಕ್ಕೆ. ಜನವರಿ ಚಳಿಯಲ್ಲಿ ಕಂಪನಿ ಒಂದು ಕಟ್ಟಡದ ಹೀಟಿಂಗ್ ನಿಲ್ಲಿಸಿ ಊಟ ತಡೆಯಿತು. ಪೊಲೀಸರು ಅಶ್ರುವಾಯು ಸಿಡಿಸಿದರು. ಒಳಗಿದ್ದವರು ಬೆಂಕಿ ಆರಿಸುವ ಪೈಪಿನಿಂದ ನೀರು ಹೊಡೆದು, ಕಾರಿನ ಬಾಗಿಲಿಗೆ ಹಾಕುವ ಕಬ್ಬಿಣದ ಕೀಲುಗಳನ್ನು ಎಸೆದು ಓಡಿಸಿದರು. ಆ ರಾಜ್ಯ ಸರ್ಕಾರದ ಮುಖ್ಯಸ್ಥ, ಗವರ್ನರ್ ಫ್ರಾಂಕ್ ಮರ್ಫಿ ಸೈನಿಕರನ್ನು ಕಳಿಸಿದರು. ಹಿಂದೆಲ್ಲ ಸೈನಿಕರು ಬಂದರೆ ಮುಷ್ಕರದ ಕಥೆ ಮುಗಿದ ಹಾಗೇ. ಆದರೆ ಮರ್ಫಿ ಈ ಸೈನಿಕರನ್ನು ಒಳಗೆ ನುಗ್ಗಿಸಲಿಲ್ಲ, ಎರಡೂ ಕಡೆಯವರನ್ನು ಮಾತಿಗೆ ಕೂರಿಸಿದರು. 44 ದಿನ ಆದ ಮೇಲೆ, 1937ರ ಫೆಬ್ರವರಿ 11ರಂದು, ಕಂಪನಿ ಯೂನಿಯನ್ ಜೊತೆ ಸಹಿ ಹಾಕಿತು. ಕೆಲಸಗಾರರು ಆರಿಸಿದ ಯೂನಿಯನ್ ಜೊತೆ ಕಂಪನಿ ಮಾತಾಡಲೇಬೇಕು ಅನ್ನುವ ವ್ಯಾಗ್ನರ್ ಕಾಯ್ದೆ 1935ರಲ್ಲೇ ಬಂದಿತ್ತು, ಆದರೆ ಹಾಳೆ ಮೇಲಿದ್ದದ್ದು ಕೈಗೆ ಸಿಕ್ಕಿದ್ದು ಹೀಗೆ.

ಯೂನಿಯನ್‌ಗಳೆಲ್ಲ ಸಾಚಾ ಅಂತ ನಾನು ಹೇಳುತ್ತಿಲ್ಲ. ಅಮೆರಿಕದ ಎಷ್ಟೋ ಸಂಘಗಳು ಕಪ್ಪು ಜನರನ್ನು ಬಹಳ ಕಾಲ ಸೇರಿಸಿಕೊಳ್ಳಲೇ ಇಲ್ಲ.

ಪ್ರಶ್ನೆ: ಸರ್ಕಾರ ಹಾಗೇ ಮಧ್ಯಸ್ಥನಾಗಿ ಉಳಿಯಿತಾ?

ಉತ್ತರ: ಇಲ್ಲ. 1981ರಲ್ಲಿ ಮುಷ್ಕರ ಹೂಡಿದ 11,000ಕ್ಕೂ ಹೆಚ್ಚು ವಿಮಾನ ಸಂಚಾರ ನಿಯಂತ್ರಕರನ್ನು ಅಮೆರಿಕದ ಅಧ್ಯಕ್ಷ ರೇಗನ್ ಕೆಲಸದಿಂದ ತೆಗೆದುಹಾಕಿದರು. ಅವರು ಸರ್ಕಾರಿ ನೌಕರರು, ಮುಷ್ಕರ ಮಾಡುವಂತಿರಲಿಲ್ಲ. ತಮಾಷೆ ಏನಂದರೆ ರೇಗನ್ ಒಂದು ಕಾಲದಲ್ಲಿ ಸಿನಿಮಾ ನಟರ ಯೂನಿಯನ್ ಅಧ್ಯಕ್ಷರಾಗಿದ್ದವರು, ಹಿಂದಿನ ವರ್ಷದ ಚುನಾವಣೆಯಲ್ಲಿ ಇದೇ ನಿಯಂತ್ರಕರ ಯೂನಿಯನ್ ಅವರಿಗೇ ಬೆಂಬಲ ಕೊಟ್ಟಿತ್ತು.